ಹರಿದ ಉಡದಾರ

ಲಾಕ್‌ಡೌನುಗಳು ಮುಗಿದ ಮರುವರ್ಷ. ಪರೇಲಿನ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ವೈದ್ಯನಾಗಿ ಅದು ನನ್ನ ಸೇವೆಯ ಕೊನೆಯ ವರ್ಷವಾಗಿತ್ತು. ಕುರ್ಲಾದ ಚಾಳಿನಿಂದ ಬಸಪ್ಪ ಎಂಬ ಸೆಂಟ್ರಿಂಗ್ ಕೆಲಸಗಾರ ಹೆಂಡತಿ ಮಲ್ಲವ್ವನೊಂದಿಗೆ ಬಂದ. ಊರು ಯಾದಗಿರಿ ಕಡೆ. ಸೊಂಟದ ಬಲಕ್ಕೆ, ಉಡದಾರ ಒತ್ತುವ ಜಾಗದಲ್ಲೇ ಹುಣ್ಣು. ಆ ದಾರ ಕಪ್ಪಗಿತ್ತು. ಕೆಂಪಗಿತ್ತೆಂದು ಬಹಳ ಜನಕ್ಕೆ ಹೇಳಿದ್ದೇನೆ; ಈಗ ಎರಡನ್ನೂ ನಂಬಲಾರೆ. ಹುಣ್ಣಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ.

ಅಂಚು ಉಬ್ಬಿ ಹೊರಕ್ಕೆ ಮಡಚಿಕೊಂಡಿತ್ತು. ಮುಟ್ಟಿದರೆ ಗಟ್ಟಿ, ಒರೆಸಿದರೆ ರಕ್ತ. ಸುತ್ತಲ ಚರ್ಮ ದಾರದ ತಿಕ್ಕಾಟಕ್ಕೆ ಬಣ್ಣ ಕಳೆದುಕೊಂಡು ದಪ್ಪಗಾಗಿತ್ತು. ನೋವು ಕಡಿಮೆ, ಅದಕ್ಕೇ ಅರಿಸಿನ ಹಚ್ಚಿಕೊಂಡು ವರ್ಷ ಕಳೆದಿದ್ದ. ಚರ್ಮದ ಮೇಲ್ಪದರದಲ್ಲಿ ಹುಟ್ಟುವ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಹೀಗೇ ಕಾಣುತ್ತದೆ. ಬಿಸಿಲಿಗೆ ಬಿದ್ದ ಚರ್ಮದಲ್ಲಿ ಹೆಚ್ಚು; ಸುಟ್ಟ ಕಲೆಯಲ್ಲೂ, ವರ್ಷಗಟ್ಟಲೆ ತಿಕ್ಕಿದ ಜಾಗದಲ್ಲೂ ಏಳುವುದುಂಟು.

ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಬಸಪ್ಪ ಹೊಟ್ಟೆ ಒಳಗೆಳೆದು ದಾರವನ್ನು ಪಕ್ಕೆಲುಬಿಗೆ ಏರಿಸಿಕೊಂಡ.

"ಇನ್ನಷ್ಟ ಏರಸು, ಜನಿವಾರ ಆಗ್ತೈತಿ" ಎಂದಳು ಮಲ್ಲವ್ವ. ಅವನೂ ನಕ್ಕ.

ಕ್ಯಾನ್ಸರ್ ಖಚಿತವಾಯಿತು. ಆದರೆ ತೊಡೆಸಂದಿಯಲ್ಲಿ ಗಂಟಿರಲಿಲ್ಲ, ಹರಡಿದ ಗುರುತಿರಲಿಲ್ಲ. "ಈಗ ತೆಗೆಸಿದರೆ ಉಳೀತೀಯ" ಎಂದೆ. ಒಪ್ಪಿದ.

ಆಪರೇಷನ್ ದಿನ ಬೆಳಿಗ್ಗೆ ವಾರ್ಡಿನ ನರ್ಸ್, ಉಡುಪಿ ಕಡೆಯವರು, "ಥಿಯೇಟರಿಗೆ ಇದೆಲ್ಲ ಆಗುದಿಲ್ಲ ಮಾರಾಯ್ರೆ" ಎನ್ನುತ್ತಲೇ, ಎಲ್ಲರಿಗೂ ಮಾಡುವಂತೆ, ಉಡದಾರಕ್ಕೆ ಕತ್ತರಿ ಆಡಿಸಿಬಿಟ್ಟರು. ನಾನು ಹೋಗುವಷ್ಟರಲ್ಲಿ ಬಸಪ್ಪ ತನ್ನ ಅಂಗಿ ತೊಟ್ಟು ಹೊರಡಲು ನಿಂತಿದ್ದ.

"ಉಡದಾರ ಹರಿಯೋದು ಹೆಣದ್ದು, ಸಾಹೇಬ್ರ. ಉಸಿರಾಡೋವನದ್ದ ಹರದ್ರಲ್ಲ, ಇನ್ನ ಒಳಗ ಒಯ್ದು ಏನ್ ಮಾಡ್ತೀರಿ?"

ನರ್ಸ್ ಬಿಳಿಚಿಕೊಂಡರು. "ನಮ್ಮಲ್ಲಿ ಹೀಗುಂಟು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಬಿಚ್ಚು ಅಂದಿದ್ರ ನಾನ ಬಿಚ್ತಿದ್ದೆ" ಎಂದಳು ಮಲ್ಲವ್ವ. "ಕೇಳಿದ್ರೇನ್ ನೀವು?"

ಬೇಡಿಕೊಂಡೆವು. ಹೊರಟೇಹೋದರು. ಫೋನಿಗೂ ಸಿಗಲಿಲ್ಲ.

ಮಳೆಗಾಲ ಕಳೆದು ಮತ್ತೆ ಬಂದರು. ಹುಣ್ಣು ಅಂಗೈ ಅಗಲವಾಗಿತ್ತು. ತೊಡೆಸಂದಿಯಲ್ಲಿ ಲಿಂಬೆ ಗಾತ್ರದ ಗಂಟು, ಶ್ವಾಸಕೋಶದ ಸ್ಕ್ಯಾನಿನಲ್ಲಿ ಚುಕ್ಕೆಗಳು. ಕೊಯ್ಯುವ ಕಾಲ ಮೀರಿತ್ತು. ಸೊಂಟಕ್ಕೆ ಹೊಸ ದಾರ ಕಟ್ಟಿದ್ದರು. ಅದು ಹುಣ್ಣಿನೊಳಗೆ ಹೂತಿತ್ತು. ಡ್ರೆಸಿಂಗ್ ಮಾಡಬೇಕಾದರೆ ತೆಗೆಯಲೇಬೇಕು.

"ಹರೀರಿ ಸಾಹೇಬ್ರ" ಎಂದ ಬಸಪ್ಪ. "ಈಗ ನಡೀತೈತಿ."

"ಬಾಯಿ ಮುಚ್ಚು" ಎಂದಳು ಮಲ್ಲವ್ವ. ಬಾಗಿ, ಕೀವು ಮೆತ್ತಿದ ದಾರದ ಗಂಟಿಗೆ ಉಗುರು ಹಾಕಿದಳು.

ವಾಸಿಯಾಗದ, ಅಂಚು ಉಬ್ಬಿದ ಹುಣ್ಣನ್ನು ಬೇಗ ತೋರಿಸಿ ಎಂದು ಜನರಿಗೆ ಹೇಳುತ್ತಲೇ ಬಂದವನು ನಾನು. ಅವರ ಮೈಮೇಲಿನದನ್ನು ಹೇಗೆ ತೆಗೆಯಬೇಕೆಂದು ಅವರನ್ನೇ ಕೇಳಬೇಕು ಎಂಬುದನ್ನು ಕೆಲಸ ತಡವಾಗಿ ಕಲಿಸಿತು. ಕೇಳಿದ್ದರೆ ಬಸಪ್ಪ ಖಂಡಿತ ಉಳಿಯುತ್ತಿದ್ದನೆಂದು ನೆನಪು ಕಥೆ ಕಟ್ಟುತ್ತದೆ. ಅಷ್ಟು ನಾನು ಹೇಳಲಾರೆ. ಆ ದಿನ ದಾರದ ಗಂಟು ಬಿಚ್ಚಲು ಮಲ್ಲವ್ವನಿಗೆ ಬಹಳ ಹೊತ್ತು ಹಿಡಿಯಿತು. ಅದೇ ನರ್ಸ್ ಟ್ರೇ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಯಾರೂ ಅವಸರ ಮಾಡಲಿಲ್ಲ.