ಆಯುಧಪೂಜೆಯ ದಿನ ಪೂಲಿನಲ್ಲಿ ಉಳಿದವರು ಒಬ್ಬರೇ

ಆಷಾಢ ಬಂತೆಂದರೆ ನಮ್ಮ ಮಹಡಿಯಲ್ಲಿ ನೊಣ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಚಾಮರಾಜಪೇಟೆಯ ಹಳೇ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಮದುವೆ, ಮುಂಜಿ, ಗೃಹಪ್ರವೇಶದ ಪತ್ರಿಕೆಗಳನ್ನು ಟೈಪ್ ಮಾಡಿ, ಅಂದವಾಗಿ ಜೋಡಿಸಿ, ಕೆಳಗಿನ ಪ್ರೆಸ್ಸಿಗೆ ಕಳಿಸುವುದು ನನ್ನ ಕಸುಬು. ಪಕ್ಕದ ಕೋಣೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವವನೊಬ್ಬನಿದ್ದಾನೆ. ನನಗಿಂತ ಚಿಕ್ಕವನು. ಅವನು ನನ್ನನ್ನು ಅಕ್ಕಾ ಅನ್ನುತ್ತಾನೆ, ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈಯುತ್ತೇನೆ, ಇಬ್ಬರಿಗೂ ಅದು ಒಗ್ಗಿಹೋಗಿದೆ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಪುಷ್ಯದಲ್ಲಿ ಇಲ್ಲ. ಅವನ ಭರ್ಜರಿ ಕಂಪ್ಯೂಟರುಗಳು, ಒಂದೊಂದರಲ್ಲೂ ಸೌದೆ ಕೊರಡಿನಷ್ಟು ದಪ್ಪದ ಗ್ರಾಫಿಕ್ಸ್ ಕಾರ್ಡ್ ಇರುವಂಥವು, ಆಗೆಲ್ಲ ಸುಮ್ಮನೆ ಧೂಳು ಕುಡಿಯುತ್ತ ಕೂತಿರುತ್ತಿದ್ದವು.

ಅಂಥದೊಂದು ಆಷಾಢದಲ್ಲಿ ಅವನು ಬಾಗಿಲಲ್ಲಿ ನಿಂತು, "ಅಕ್ಕಾ, ಮೈನಿಂಗ್ ಮಾಡೋಣ. ಕ್ರಿಪ್ಟೋ. ಮಿಷನ್ನುಗಳು ಹೇಗಿದ್ರೂ ಖಾಲಿ ಕೂತಿದಾವೆ" ಅಂದ.

"ನಿನಗೆ ತಲೆ ನೆಟ್ಟಗಿದ್ಯಾ? ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ?" ಅಂದೆ. ಆದರೂ ಅವನು ವಿವರಿಸಿದ್ದನ್ನು ಕೇಳಿಸಿಕೊಂಡೆ. ಕೇಳಿಸಿಕೊಂಡದ್ದೇ ತಪ್ಪಾಯಿತು, ಅವತ್ತಿನಿಂದ ನನಗೂ ಅದರ ಹುಚ್ಚು ಹಿಡಿಯಿತು.

ಸಂಗತಿ ಇಷ್ಟು. ಒಂದು ಸಣ್ಣ ನಾಣ್ಯವನ್ನು ಪ್ರಪಂಚದಲ್ಲಿ ಯಾರು ಯಾರೋ ಕೊಡುತ್ತ ತೆಗೆದುಕೊಳ್ಳುತ್ತ ಇರುತ್ತಾರೆ. ಆ ವಹಿವಾಟುಗಳನ್ನು ಆಗಾಗ ಒಂದು ಕಟ್ಟು ಕಟ್ಟಿ ಮುದ್ರೆ ಒತ್ತಬೇಕು. ಆ ಕಟ್ಟಿಗೆ ಬ್ಲಾಕ್ ಅನ್ನುತ್ತಾರೆ. ಮುದ್ರೆ ಒತ್ತಲು ಒಂದು ಸಂಖ್ಯೆ ಬೇಕು. ಆ ಸಂಖ್ಯೆಯನ್ನು ಯಾವ ಜಾಣನೂ ಲೆಕ್ಕ ಹಾಕಿ ತೆಗೆಯಲಾರ, ಒಂದೊಂದೇ ಊಹಿಸಿ ನೋಡುತ್ತಲೇ ಹೋಗಬೇಕು. ಮೊದಲು ಯಾರಿಗೆ ಸಿಕ್ಕಿತೋ ಅವರಿಗೆ ಹೊಸ ನಾಣ್ಯಗಳ ಇನಾಮು. ಒಬ್ಬೊಬ್ಬರೇ ಹುಡುಕಿದರೆ ಜನ್ಮವಿಡೀ ಸಿಗಲಿಕ್ಕಿಲ್ಲ, ಅದಕ್ಕೇ ಹತ್ತಾರು ಜನ ಸೇರಿ ಹುಡುಕಿ, ಸಿಕ್ಕಿದ್ದನ್ನು ದುಡಿದಷ್ಟು ಹಂಚಿಕೊಳ್ಳುತ್ತಾರೆ. ಅದೇ ಪೂಲ್.

ನನ್ನ ಅತ್ತೆಗೆ ಇದನ್ನು ಹೇಳುವಾಗ ಅಕ್ಕಿ ಆರಿಸುವ ಲೆಕ್ಕದಲ್ಲಿ ಹೇಳಿದೆ. ಸಮುದ್ರದಷ್ಟು ಅಕ್ಕಿ, ಅದರಲ್ಲಿ ಒಂದೇ ಒಂದು ಬೇಕಾದ ಕಾಳು. ಎಲ್ಲರೂ ತಮ್ಮ ತಮ್ಮ ಮೊರ ಹಿಡಿದು ಆರಿಸುತ್ತಾರೆ. ಆರಿಸುವಾಗ ಹೆಚ್ಚುಕಡಿಮೆ ಅದರಂತೆಯೇ ಕಾಣುವ ಕಾಳುಗಳು ಆಗಾಗ ಸಿಗುತ್ತವೆ. ಅವನ್ನು ಪೂಲಿಗೆ ತೋರಿಸುತ್ತ ಇದ್ದರೆ ನಾವು ನಿಜವಾಗಿ ಆರಿಸಿದ್ದೇವೆ, ಮೊರ ಹಿಡಿದು ತೂಕಡಿಸಿಲ್ಲ ಅನ್ನುವುದಕ್ಕೆ ಸಾಕ್ಷಿ.

"ಇಷ್ಟು ಹೊತ್ತು ಆರಿಸಿದೀವಿ, ಇನ್ನೇನು ಸಿಕ್ಬಿಡತ್ತೆ ಅನ್ನೋ ಹಂಗೆ ಇದ್ಯಾ?" ಅಂತ ಅತ್ತೆ ಕೇಳಿದರು.

ಇಲ್ಲ. ನನ್ನನ್ನು ಬೆಪ್ಪು ಮಾಡಿದ್ದೇ ಅದು. ಕೋಟಿ ಸಲ ತಪ್ಪಿದರೂ ಮುಂದಿನ ಊಹೆ ಮೊಟ್ಟಮೊದಲ ಊಹೆಯಷ್ಟೇ ಹೊಸದು. ಹಿಂದಿನ ಕಷ್ಟಕ್ಕೆ ಬಡ್ಡಿಯಿಲ್ಲ, ಕರುಣೆಯಿಲ್ಲ. ಇದು ಗೊತ್ತಿದ್ದೂ ಪ್ರಪಂಚದಲ್ಲಿ ಲಕ್ಷಾಂತರ ಯಂತ್ರಗಳು ಹಗಲು ರಾತ್ರಿ ಊಹಿಸುತ್ತಲೇ ಇವೆಯಲ್ಲ! ಪತ್ರಿಕೆಯ ಪ್ರೂಫ್ ತಿದ್ದುತ್ತ ತಿದ್ದುತ್ತ ನಾನು ಇದನ್ನೇ ಯೋಚಿಸಿ, ಒಮ್ಮೆ ವಧುವಿನ ಹೆಸರಿನ ಜಾಗದಲ್ಲಿ ವರನ ತಂದೆಯ ಹೆಸರು ಹಾಕಿದ್ದೂ ಉಂಟು. ಪುಣ್ಯಕ್ಕೆ ಪ್ರೆಸ್ಸಿನವರು ಹಿಡಿದರು.

ಮೊದಲು ನಾವಿಬ್ಬರೂ ಒಂದು ದೊಡ್ಡ ಪೂಲಿಗೆ ಸೇರಿದೆವು. ದಿನವೂ ಏನೋ ಚೂರುಪಾರು ಬರುತ್ತಿತ್ತು. ಆದರೆ ಬ್ಲಾಕ್ ಯಾರಿಗೆ ಸಿಕ್ಕಿತು, ಯಾವಾಗ ಸಿಕ್ಕಿತು, ಒಂದೂ ತಿಳಿಯುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ಕೊನೇ ಪಂಕ್ತಿಯಲ್ಲಿ ಕೂತು ತಣ್ಣಗಾದ ಸಾರು ತಿಂದು ಬಂದ ಹಾಗೆ. ನನ್ನ ಸ್ವಭಾವಕ್ಕೆ ಅದು ಹಿಡಿಸಲಿಲ್ಲ. "ನಮ್ಮದೇ ಪೂಲ್ ಮಾಡೋಣ ಕಣೋ. ನಮ್ಮದು ಅಂತ ಒಂದೇ ಒಂದು ಬ್ಲಾಕ್ ಸಿಗಲಿ, ಸಾಕು" ಅಂದೆ. ನನಗೆ ಬೇಕಿದ್ದದ್ದು ಅದೊಂದೇ, ದೇವರಾಣೆಗೂ ಅದೊಂದೇ.

ನನ್ನ ಹಳೇ ಕಂಪ್ಯೂಟರೊಂದನ್ನು ಪೂಲ್ ಸರ್ವರ್ ಮಾಡಿದೆವು. ಅದು ತಾನು ಹುಡುಕುವುದಿಲ್ಲ. ಬಂದವರಿಗೆ ಕೆಲಸ ಹಂಚುತ್ತದೆ, ಯಾರು ಎಷ್ಟು ಆರಿಸಿದರು ಅಂತ ಗುರುತು ಇಡುತ್ತದೆ. ಸೇರಿದವರೆಲ್ಲ ನಮ್ಮ ಕಸುಬಿನವರೇ: ಬಸವನಗುಡಿಯ ಆಲ್ಬಂ ಮಾಡುವವರು, ಮಾವಳ್ಳಿಯ ಫ್ಲೆಕ್ಸ್ ಪ್ರಿಂಟಿಂಗಿನವರು, ಕಲ್ಯಾಣ ಮಂಟಪಗಳಿಗೆ ಎಲ್‌ಇಡಿ ಪರದೆ ಕಟ್ಟುವವರು. ಮುಹೂರ್ತವಿದ್ದರೆ ಪೂಲ್ ಸೊರಗುತ್ತಿತ್ತು, ಮುಹೂರ್ತವಿಲ್ಲದಿದ್ದರೆ ಕೊಬ್ಬುತ್ತಿತ್ತು. ಪಂಚಾಂಗ ನೋಡಿಕೊಂಡು ಏರಿ ಇಳಿಯುವ ಇನ್ನೊಂದು ಪೂಲ್ ಈ ಭೂಮಿಯ ಮೇಲೆ ಇದ್ದರೆ ನನಗೆ ತೋರಿಸಿ.

ಹೊರಗಿನವರು ಅಂತ ಇದ್ದದ್ದು ಒಬ್ಬರೇ. ಇಂಥ ಪೂಲ್ ಇದೆ ಅಂತ ನಾವು ಅಂತರ್ಜಾಲದ ಒಂದು ಪುಟದಲ್ಲಿ ಹಾಕಿದ್ದೆವು, ಅದನ್ನು ನೋಡಿ ಯಾವುದೋ ದೇಶದಿಂದ ಬಂದು ಸೇರಿದ್ದರು. ಹೆಸರಿಲ್ಲ, ಊರಿಲ್ಲ, ಅಕ್ಷರ ಅಂಕಿಗಳ ಉದ್ದನೆಯ ಒಂದು ವಿಳಾಸ, ಅದರ ಮುಂದೆ ಯಂತ್ರದ ಹೆಸರು ಅಂತ ಬರೀ ‘1’. ನನ್ನ ಹಳೇ ಡಬ್ಬಾಗಿಂತಲೂ ನಿಧಾನದ ಯಂತ್ರ. ವಿಡಿಯೋದವನು ಅವರಿಗೆ ‘ನಿಧಾನಪ್ಪ’ ಅಂತ ಹೆಸರಿಟ್ಟಿದ್ದ. ಅಪ್ಪನೋ ಅಮ್ಮನೋ ಯಾರಿಗೆ ಗೊತ್ತು.

ಆಷಾಢ ಕಳೆಯಿತು, ಬ್ಲಾಕ್ ಸಿಗಲಿಲ್ಲ. ಶ್ರಾವಣ ಕಳೆಯಿತು, ಗಣೇಶನ ಹಬ್ಬ ಕಳೆಯಿತು, ಸಿಗಲಿಲ್ಲ. ಪಿತೃಪಕ್ಷದಲ್ಲಿ ಎಲ್ಲರ ಯಂತ್ರಗಳೂ ಮೈಮುರಿದು ದುಡಿದವು, ಮಹಡಿ ಮೇಲೆ ಬಾಣಂತಿ ಕೋಣೆಯ ಹಾಗೆ ಸೆಖೆ, ಆದರೂ ಸಿಗಲಿಲ್ಲ. ನವರಾತ್ರಿ ಶುರುವಾದ ಮೇಲೆ ಒಂದು ದಿನ ವಿಡಿಯೋದವನು ನನ್ನ ಮುಖ ನೋಡದೆ, ಕ್ಯಾಮೆರಾ ಒರೆಸುತ್ತ ಹೇಳಿದ: "ಅಕ್ಕಾ, ಬೇಜಾರು ಮಾಡ್ಕೋಬೇಡ. ಆಯುಧಪೂಜೆಗೆ ಆಫ್ ಮಾಡ್ತೀನಲ್ಲ, ಮಾರನೇ ದಿನ ಆನ್ ಮಾಡುವಾಗ ದೊಡ್ಡ ಪೂಲಿಗೆ ಹಾಕ್ಕೋತೀನಿ. ಎಷ್ಟು ದಿನ ಅಂತ ಖಾಲಿ ಕೈಲಿ ಕೂರೋದು?"

ನಮ್ಮ ಪೂಲಿನ ಅರ್ಧ ಬಲ ಅವನೊಬ್ಬನದೇ. ಅವನು ಹೋದರೆ ಉಳಿದವರು ಒಬ್ಬೊಬ್ಬರಾಗಿ ಹೋಗುತ್ತಾರೆ, ಪೂಲ್ ಮುಚ್ಚಿದ ಹಾಗೆಯೇ. ನಾನು, "ಹೋಗಪ್ಪ, ಧಾರಾಳವಾಗಿ ಹೋಗು, ಯಾರು ಬೇಡ ಅಂದ್ರು" ಅಂದೆ. ಅವತ್ತು ಮನೆಯಲ್ಲಿ ಕಾರಣವಿಲ್ಲದೆ ಎಲ್ಲರ ಮೇಲೂ ರೇಗಿದೆ.

ಆಯುಧಪೂಜೆಯ ಬೆಳಗ್ಗೆ ಅತ್ತೆ ಬೂದುಗುಂಬಳಕಾಯಿ, ನಿಂಬೆಹಣ್ಣು, ಸೇವಂತಿಗೆ ಹೂವು ಎಲ್ಲ ಹೊರಿಸಿಕೊಂಡು ಅಂಗಡಿಗೆ ಬಂದರು. ನಮ್ಮಲ್ಲಿ ಅವತ್ತು ದುಡಿಯುವ ಯಂತ್ರವನ್ನು ತೊಳೆದು ಒರೆಸಿ, ವಿಭೂತಿ ಕುಂಕುಮ ಇಟ್ಟು, ಹೂವು ಮುಡಿಸಿ ಬಿಟ್ಟುಬಿಡಬೇಕು. ಮಾರನೇ ದಿನ ವಿಜಯದಶಮಿಯಂದು ಕೈಮುಗಿದು ಮತ್ತೆ ಶುರು ಮಾಡುವವರೆಗೂ ಮುಟ್ಟುವ ಹಾಗಿಲ್ಲ. ಅತ್ತೆ ನನ್ನ ಕೀಬೋರ್ಡುಗಳನ್ನೆಲ್ಲ ಬಿಚ್ಚಿಸಿ ದೇವರ ಪಟದ ಮುಂದೆ ಸಾಲಾಗಿ ಮಲಗಿಸಿದರು, ನನ್ನ ಆಯುಧ ಅದೇ ತಾನೇ. ವಿಡಿಯೋದವನು ಇದರಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಅಮಾವಾಸ್ಯೆಯ ದಿನ ಹೊಸ ಎಡಿಟಿಂಗ್ ಶುರು ಮಾಡದ ಆಸಾಮಿ. ಒಂದೊಂದು ಯಂತ್ರಕ್ಕೂ ಮೊಳದುದ್ದ ಹೂವು ಸುತ್ತಿದ್ದ.

ಕೊನೆಗೆ ಅತ್ತೆ ಸರ್ವರ್ ಮುಂದೆ ನಿಂತು, "ಇದನ್ಯಾಕೆ ಆಫ್ ಮಾಡಿಲ್ಲ? ಇದೇನು ಕೆಲಸ ಮಾಡತ್ತೆ?" ಅಂದರು.

"ಇದು ಏನೂ ಮಾಡಲ್ಲ ಅತ್ತೆ. ಬಂದೋರಿಗೆ ಕೆಲಸ ಹಂಚತ್ತೆ, ಅಷ್ಟೇ."

ಅತ್ತೆ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಇದು ಆಯುಧ ಅಲ್ಲ, ಬಾಗಿಲು. ಹಬ್ಬದ ದಿನ ಯಾರಾದ್ರೂ ತಲೆಬಾಗಿಲು ಹಾಕ್ತಾರಾ? ಇರಲಿ ಬಿಡು." ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟು, ಹೊಸಿಲಿಗೆ ಇಡುವ ಹಾಗೆ ಎರಡು ಹೂವು ಇಟ್ಟರು.

ಪೂಜೆ ಮುಗಿಯಿತು, ಕುಂಬಳಕಾಯಿ ಒಡೆದಾಯಿತು. ನಾನು ಪುರಿ ಕಡ್ಲೆ ಪೊಟ್ಟಣ ಕಟ್ಟುತ್ತ ಸರ್ವರಿನ ಪರದೆ ನೋಡುತ್ತಿದ್ದೆ. ಯಂತ್ರಕ್ಕೊಂದರಂತೆ ಇದ್ದ ಸಾಲುಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದವು. ಬಸವನಗುಡಿಯದು ಹೋಯಿತು, ಮಾವಳ್ಳಿಯದು ಹೋಯಿತು, ಪರದೆ ಕಟ್ಟುವವರದು ಹೋಯಿತು. ಅಯ್ಯೋ ಶಿವನೇ, ಆಗ ಹೊಳೆಯಿತು ನನ್ನ ಮಂಕು ಬುದ್ಧಿಗೆ! ಪೂಲ್ ಅಂದಮೇಲೆ ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ನಾವೋ ಒಂದೇ ಪಂಚಾಂಗದವರನ್ನೆಲ್ಲ ಹುಡುಕಿ ಹುಡುಕಿ ಸೇರಿಸಿಕೊಂಡಿದ್ದೆವು.

ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ಪರದೆಯಲ್ಲಿ ಒಂದೇ ಸಾಲು ಉಳಿದಿತ್ತು. ನಿಧಾನಪ್ಪನದು. ನಾನು ವಿಡಿಯೋದವನನ್ನು ಕೂಗಿದೆ. ಅವನು ಒಬ್ಬಟ್ಟು ಕೈಯಲ್ಲಿ ಹಿಡಿದೇ ಬಂದು ನೋಡಿದ, ಅಗಿಯುವುದು ನಿಂತಿತು.

"ಇವರೊಬ್ಬರೇನಾ?"

"ಒಬ್ಬರೇ."

ಇಬ್ಬರೂ ನೋಡುತ್ತ ನಿಂತೆವು. ಸಮುದ್ರದಷ್ಟು ಅಕ್ಕಿ, ಅದರ ಮುಂದೆ ಒಂದೇ ಮೊರ. ಸ್ವಲ್ಪ ಹೊತ್ತಿಗೊಮ್ಮೆ ಒಂದು ಕಾಳು ಬಂದು ಬೀಳುತ್ತಿತ್ತು: ಆರಿಸಿದ್ದೇನೆ, ಆರಿಸಿದ್ದೇನೆ. ಜೊತೆಗೆ ಯಾರೂ ಇಲ್ಲ ಅಂತ ಆ ಕಡೆಯವರಿಗೂ ಕಾಣುತ್ತದೆ, ಪೂಲಿನ ಪುಟದಲ್ಲಿ ಎಷ್ಟು ಯಂತ್ರ ಇವೆ ಅಂತ ಎಲ್ಲರಿಗೂ ಕಾಣುತ್ತದೆ. ಒಬ್ಬರೇ ಇರುವ ಪೂಲಿನಲ್ಲಿ ಇದ್ದು ಏನು ಪ್ರಯೋಜನ? ಬುದ್ಧಿ ಇದ್ದವರು ಯಾವಾಗಲೋ ಜಾಗ ಖಾಲಿ ಮಾಡಿರುತ್ತಿದ್ದರು.

ನಾವು ನೋಡುತ್ತಿದ್ದ ಹಾಗೆಯೇ ಆ ಸಾಲೂ ಮಾಯವಾಯಿತು. ಪರದೆ ಪೂರ್ತಿ ಖಾಲಿ.

"ಹೋಯ್ತು" ಅಂದ ಅವನು. ಗುರುತು ಪರಿಚಯವಿಲ್ಲದ ಒಂದು ಯಂತ್ರಕ್ಕಾಗಿ ಕಣ್ಣಲ್ಲಿ ನೀರು ಬರುವುದೆಂದರೇನು, ಥೂ ಅಂತ ನನ್ನ ಮೇಲೇ ಸಿಟ್ಟು ಬಂತು. ಪೂಲ್ ಇವತ್ತೇ ಮುಗಿಯಿತು, ನಾಳೆಯವರೆಗೂ ಕಾಯಬೇಕಿಲ್ಲ ಅಂದುಕೊಂಡೆ.

ಆಮೇಲೆ ಸಾಲು ಮತ್ತೆ ಮೂಡಿತು. ಅದೇ ಉದ್ದನೆಯ ವಿಳಾಸ. ಆದರೆ ಯಂತ್ರದ ಹೆಸರು ‘1’ ಅಂತ ಇರಲಿಲ್ಲ. ಆ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು: ‘ಆಲ್ ಓಕೆ?’

ನನ್ನ ಮೈ ಜುಮ್ಮೆಂದಿತು, ಈಗ ಬರೆಯುವಾಗಲೂ ಅನ್ನುತ್ತಿದೆ. ಯಂತ್ರದ ಹೆಸರು ಬದಲಿಸಬೇಕಾದರೆ ಅದನ್ನು ನಿಲ್ಲಿಸಿ, ಹೊಸ ಹೆಸರು ಟೈಪ್ ಮಾಡಿ, ಮತ್ತೆ ಶುರು ಮಾಡಬೇಕು. ಅದು ತಂತಾನೇ ಆಗುವ ಕೆಲಸವಲ್ಲ. ಭೂಮಿಯ ಯಾವುದೋ ಮೂಲೆಯಲ್ಲಿ ಒಬ್ಬರು ನಮ್ಮ ಪೂಲ್ ಬರಿದಾದದ್ದನ್ನು ನೋಡಿದ್ದಾರೆ. ಇಷ್ಟು ಜನಕ್ಕೆ ಒಟ್ಟಿಗೆ ಏನಾಯಿತೋ, ಪ್ರವಾಹವೋ ಭೂಕಂಪವೋ ಅಂತ ಗಾಬರಿಯಾಗಿದ್ದಾರೆ. ನಮ್ಮ ಹೆಸರು ಗೊತ್ತಿಲ್ಲ, ಫೋನ್ ನಂಬರ್ ಇಲ್ಲ. ಕೈಗೆ ಸಿಕ್ಕಿದ್ದು ಅದೊಂದು ಪುಟ್ಟ ಜಾಗ, ಅಲ್ಲಿ ಕ್ಷೇಮ ಕೇಳಿದ್ದಾರೆ. ಕೇಳಿ, ಮತ್ತೆ ಮೊರ ಹಿಡಿದು ಕೂತಿದ್ದಾರೆ.

"ಏನಂತೆ?" ಅಂತ ಅತ್ತೆ ಕೇಳಿದರು. ಹೇಳಿದೆ.

"ಮತ್ತೆ ಉತ್ತರ ಕೊಡ್ರೇ! ಕಂಬದ ಹಂಗೆ ನಿಂತಿದೀರಲ್ಲ!"

"ಹೇಗೆ ಕೊಡಲಿ? ನನ್ನ ಕೀಬೋರ್ಡೆಲ್ಲ ನೀವೇ ದೇವರ ಮುಂದೆ ಮಲಗಿಸಿದೀರ."

ಅತ್ತೆ ದೇವರ ಪಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಕ್ಷೇಮ ಕೇಳಿದೋರಿಗೆ ಉತ್ತರ ಕೊಡೋದು ಕೆಲಸ ಅಲ್ಲ ಕಣೇ. ಅದಕ್ಕೆ ಯಾವ ದೇವರೂ ಬೇಡ ಅನ್ನಲ್ಲ" ಅಂದು ತಾವೇ ಕೀಬೋರ್ಡ್ ಎತ್ತಲು ಹೋದರು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಫ್ಯಾನುಗಳು ಭರ್ರೋ ಅಂದವು. ತಿರುಗಿ ನೋಡಿದರೆ ವಿಡಿಯೋದವನು ನನ್ನ ಪಕ್ಕದಲ್ಲಿ ಇರಲಿಲ್ಲ. ಅರ್ಧ ಕಚ್ಚಿದ ಒಬ್ಬಟ್ಟು ನನ್ನ ಮೇಜಿನ ಮೇಲಿತ್ತು.

ಪರದೆಯಲ್ಲಿ ಎರಡನೇ ಸಾಲು ಬಂತು. ಅವನ ವಿಳಾಸ, ಅದರ ಮುಂದೆ ಯಂತ್ರದ ಹೆಸರಿನ ಜಾಗದಲ್ಲಿ ಇಂಗ್ಲಿಷಿನಲ್ಲಿ: ‘ವಿ ಆರ್ ಹಿಯರ್’.

ಅವನೂ ಓಡಿ ಬಂದ, ಮೂವರೂ ಪರದೆಯ ಮುಂದೆ ನಿಂತೆವು. ಅತ್ತೆಯಂತೂ ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗಿಸಿದ್ದರು. ಆ ಕಡೆಯ ಸಾಲು ಮತ್ತೊಮ್ಮೆ ಹೋಯಿತು, ಮತ್ತೊಮ್ಮೆ ಬಂತು. ಈಗ ಹೆಸರು ಮೊದಲಿನ ಹಾಗೆ ‘1’. ಅಷ್ಟೇ. ಸಮಾಧಾನವಾಯಿತು, ಕೆಲಸ ನೋಡೋಣ ಅನ್ನುವ ಹಾಗೆ. ಕಾಳುಗಳು ಬೀಳತೊಡಗಿದವು, ಅವರದೊಂದು ಬೀಳುವಷ್ಟರಲ್ಲಿ ಇವನವು ಹತ್ತಾರು.

ಆ ದಿನವೂ ಬ್ಲಾಕ್ ಸಿಗಲಿಲ್ಲ. ಸಂಜೆ ಅಂಗಡಿಗೆ ಬೀಗ ಹಾಕುವ ಮುಂಚೆ ನಾನು ಅವನ ಕೋಣೆಗೆ ಹೋದೆ. ಹೂವು ಸುತ್ತಿದ ಯಂತ್ರ ಓಡುತ್ತಿತ್ತು, ಫ್ಯಾನಿನ ಗಾಳಿಗೆ ಕುಂಕುಮ ಹಾರಿ ಅವನ ಬಿಳೀ ಅಂಗಿಯೆಲ್ಲ ಕೆಂಪಾಗಿತ್ತು. ಬೇರೆ ಹೊತ್ತಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ.

"ನಾಳೆ ದೊಡ್ಡ ಪೂಲಿಗೆ ಹಾಕ್ಕೋತೀಯಲ್ಲ, ಅದರ ವಿಳಾಸ ಬೇಕಿದ್ರೆ ನನ್ನ ಹತ್ರ ಇದೆ" ಅಂದೆ, ದನಿ ನೆಟ್ಟಗೆ ಇಟ್ಟುಕೊಂಡು.

ಅವನು ನನ್ನ ಕಡೆ ತಿರುಗಲಿಲ್ಲ. ಅಂಗಿಯ ಕುಂಕುಮ ಕೊಡವುತ್ತ, "ಸುಮ್ನಿರಕ್ಕಾ. ಇಲ್ಲೇ ಇದೀವಿ ಅಂತ ಬರೆದ್ಬಿಟ್ಟಿದೀನಲ್ಲ" ಅಂದ.