ಜೇವರ್ಗಿಯಿಂದ ಬಂದ ಶರಣು

ಶಾಂತಕ್ಕ, ಜೇವರ್ಗಿ ಶಾಖೆಯ ಕೆಲಸ ನಿಮ್ಮ ಕೈತಪ್ಪಲು ಕಾರಣ ನಾನು. ಸರ್ವರ್ ಕೆಡಿಸಿದ್ದು ನಿಮ್ಮ ಬೆರಳಲ್ಲ, ನಾನು ಬರೆದ ಪ್ರೋಗ್ರಾಂ—ಅದು ನನಗೆ ಅಂದೇ ಗೊತ್ತಿತ್ತು. ಇಪ್ಪತ್ತೈದು ವರ್ಷ ಈ ಎರಡು ವಾಕ್ಯ ಬರೆಯುವ ಧೈರ್ಯ ಬರಲಿಲ್ಲ. ಇವತ್ತು ಬರೆದಿದ್ದೇನೆ, ಉಳಿದದ್ದನ್ನೂ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಮುಗಿಯುವ ಹೊತ್ತು. ನಮ್ಮ ತೊಗರಿ ಬೆಳೆಗಾರರ ಸಂಘದ ಮುಖ್ಯ ಕಚೇರಿ ಆಳಂದದಲ್ಲಿ, ಶಾಖೆಗಳು ಅಫಜಲಪುರ ಮತ್ತು ಜೇವರ್ಗಿಯಲ್ಲಿ. ಯಾವ ಶಾಖೆಯಲ್ಲಿ ಎಷ್ಟು ಬಿತ್ತನೆ ಬೀಜ ಇದೆ ಎಂಬುದು ಮೂರೂ ಕಡೆ ಕಂಪ್ಯೂಟರಿನಲ್ಲಿ ಕಾಣಲಿ ಎಂದು ಆಳಂದದಲ್ಲೊಂದು ಸರ್ವರ್ ಇಟ್ಟಿದ್ದರು. ಟೆಲಿಫೋನ್ ಲೈನಿನ ಮೇಲೆ ನಡೆಯುತ್ತಿತ್ತು. ಅದನ್ನು ನೋಡಿಕೊಳ್ಳುವವನು ನಾನು. ಇಡೀ ಕಚೇರಿಯಲ್ಲಿ ಏಸಿ ಇದ್ದದ್ದು ಸರ್ವರ್ ಕೋಣೆಗೊಂದೇ. ಹೊರಗೆ ಬಿಸಿಲು ಬೆಳ್ಳಗೆ ಉರಿಯುತ್ತಿದ್ದರೆ ನಾನು ಒಳಗೆ ತಣ್ಣಗೆ ಕುಳಿತು ಹಸಿರು ದೀಪ ಮಿಣುಕುವುದನ್ನು ನೋಡುತ್ತಿದ್ದೆ. ಒಂದೊಂದು ಮಿಣುಕಿಗೂ ಒಂದೊಂದು ಮಾತು ಭೀಮಾ ನದಿ ದಾಟಿ ಹೋಗುತ್ತಿದೆ ಅನ್ನಿಸುತ್ತಿತ್ತು—ನೀರಿನ ಮೇಲೆ, ಯಾರ ಕಣ್ಣಿಗೂ ಬೀಳದೆ... ಕೆಲಸಕ್ಕಿಂತ ಕನಸೇ ಹೆಚ್ಚು ಕಾಣುವ ಆಸಾಮಿ ನಾನು.

ಆ ಕನಸಿನ ಗುಂಗಿನಲ್ಲೇ, ಕಂಪ್ಯೂಟರಿನಲ್ಲೇ ನಮಸ್ಕಾರ ಹೇಳಿಕೊಳ್ಳುವ ಶರಣಿನ ಪುಟ ಬರೆದೆ. ಬೆಳಿಗ್ಗೆ ಶಾಖೆ ತೆರೆದವರು "ಶರಣು" ಒತ್ತುವುದು, ಆಳಂದದಿಂದ ನಾನು "ಶರಣಾರ್ಥಿ" ಒತ್ತುವುದು. ಯಾರೂ ಕೇಳಿರಲಿಲ್ಲ, ನನ್ನದೇ ಹುಚ್ಚು. "ಶರಣು ಅಂದವ್ರನ್ನ ಹಂಗ ಬಿಟ್ಟು ಹೋಗಬಾರ್ದು, ನಿನ್ನ ಶರಣಾರ್ಥಿ ಅವ್ರ ಕಿವಿಗಿ ಬೀಳೂತನಾ ನಿಂದರಬೇಕು" ಅಂತ ಅಜ್ಜಿ ಕಲಿಸಿದ್ದಳು. ನಾನು ಅದನ್ನೇ ಪ್ರೋಗ್ರಾಮಿಗೂ ಕಲಿಸಿದೆ—ಉತ್ತರ ಮುಟ್ಟಿತು ಎಂದು ಆ ಕಡೆಯ ಕಂಪ್ಯೂಟರ್ ಹೇಳುವ ತನಕ ಕಾಯಬೇಕು. ಎಷ್ಟು ಹೊತ್ತು? ಮಿತಿಯನ್ನೇ ಹಾಕಲಿಲ್ಲ. ಮರ್ಯಾದೆಗೆ ಎಂಥ ಮಿತಿ ಅಂದುಕೊಂಡೆ.

ಸರ್ವರ್ ಪ್ರತಿಯೊಂದು ಕೆಲಸಕ್ಕೂ ಒಂದು ಥ್ರೆಡ್, ಅಂದರೆ ಒಂದು ಎಳೆ, ಬಿಟ್ಟುಕೊಡುತ್ತದೆ. ಕೆಲಸ ಮುಗಿದರೆ ಎಳೆ ಹಿಂದಕ್ಕೆ ಬರುತ್ತದೆ. ನಮ್ಮಲ್ಲಿ ಇದ್ದದ್ದೇ ಕೆಲವು ಎಳೆಗಳು. ಜೇವರ್ಗಿಯ ಲೈನಂತೂ ಮಾತಿಗೊಮ್ಮೆ ಕಡಿಯುತ್ತಿತ್ತು. ನೀವು ಶರಣು ಅನ್ನುತ್ತಿದ್ದಿರಿ, ಲೈನು ಕಡಿಯುತ್ತಿತ್ತು, ನನ್ನ ಉತ್ತರ ಮುಟ್ಟುತ್ತಿರಲಿಲ್ಲ—ಪಾಪ, ನೀವು ಮತ್ತೆ ಅನ್ನುತ್ತಿದ್ದಿರಿ. ಪ್ರತಿ ಸಲವೂ ಒಂದು ಎಳೆ ಕಾಯುತ್ತ ಅಲ್ಲೇ ನಿಂತುಬಿಡುತ್ತಿತ್ತು. ಮಧ್ಯಾಹ್ನದೊಳಗೆ ಎಳೆಗಳೆಲ್ಲ ಖಾಲಿಯಾಗಿ ಸರ್ವರ್ ಬೀಳುತ್ತಿತ್ತು. ಅದೂ ಬಿತ್ತನೆಯ ಹಂಗಾಮಿನಲ್ಲಿ, ಬಾಗಿಲಲ್ಲಿ ಜನ ಸಾಲುಗಟ್ಟಿ ನಿಂತಾಗ.

ಎಂಟು ದಿನ ತಲೆ ಕೆಡಿಸಿಕೊಂಡೆ. ವೋಲ್ಟೇಜ್ ಅಂದೆ, ಧೂಳು ಅಂದೆ. ಒಂಬತ್ತನೆಯ ದಿನ ಎಳೆಗಳ ಪಟ್ಟಿ ತೆಗೆದು ಒಂದೊಂದನ್ನೇ ನೋಡಿದೆ. ಎಲ್ಲವೂ ನನ್ನ ಶರಣಿನ ಪುಟದಲ್ಲೇ ನಿಂತಿದ್ದವು. ಅಷ್ಟರಲ್ಲಿ ಮ್ಯಾನೇಜರ್ ಬಂದರು.

"ಸಿಕ್ತೇನಪಾ? ಎಲ್ಲಿಂದ ಬರಾಕತ್ತದ ಈ ತ್ರಾಸು?"

"ಜೇವರ್ಗಿಯಿಂದ್ರಿ ಸಾಹೇಬ್ರ," ಅಂದೆ.

ಸುಳ್ಳಲ್ಲ ನೋಡಿ. ಪಟ್ಟಿಯ ತುಂಬ ಜೇವರ್ಗಿಯೇ ಇತ್ತು. ಇಷ್ಟು ವರ್ಷ ನಾನು ಅಡಗಿ ಕುಳಿತದ್ದೂ ಆ ನಿಜದ ಹಿಂದೆಯೇ. ಮುಂದಿನ ವಾಕ್ಯ—ತಪ್ಪು ನನ್ನ ಪ್ರೋಗ್ರಾಮಿನದು—ನಾಲಿಗೆಯ ತುದಿಗೆ ಬಂದು... ಬರಲಿಲ್ಲ. ಆ ತಿಂಗಳಷ್ಟೇ ನಿಮ್ಮನ್ನೂ ನನ್ನನ್ನೂ ಕಾಯಂ ಮಾಡುವ ಮಾತು ನಡೆದಿತ್ತು. "ಆ ಹೆಣ್ಮಗಳಿಗಿ ಮಿಷಿನ್ ನಡಸಾಕ ಬರಂಗಿಲ್ಲಂದ್ರ ಬ್ಯಾರೇದವ್ರನ್ನ ನೋಡ್ತೇನಿ" ಎಂದು ಮ್ಯಾನೇಜರ್ ಹೊರಟರು. ನಾನು ತಡೆಯಲಿಲ್ಲ.

ನೀವು ಶಾಖೆಯ ಕೀಲಿ ಒಪ್ಪಿಸಲು ಆಳಂದಕ್ಕೆ ಬಂದಿರಿ. ಬೇವಿನ ಮರದ ಕೆಳಗೆ ನಿಂತು, ಸಿಟ್ಟಿಲ್ಲದೆ ಕೇಳಿದಿರಿ.

"ತಮ್ಮಾ, ನಾ ಏನ್ ತಪ್ಪು ಒತ್ತಿದ್ನೋ? ಹೇಳು, ಕಲ್ಕೊಂತೇನಿ."

"ಗೊತ್ತಾಗವಲ್ದಕ್ಕ," ಅಂದೆ.

ಇದು ಮಾತ್ರ ಪೂರ್ತಿ ಸುಳ್ಳು.

ನೀವು ಬಸ್ಸು ಹತ್ತಿದ ಮೇಲೆ ಒಳಗೆ ಹೋಗಿ, ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯಬೇಡ ಎಂದು ಒಂದು ಸಾಲು ಬರೆದೆ. ಅವತ್ತಿನಿಂದ ಸರ್ವರ್ ಬೀಳಲಿಲ್ಲ. "ಆಕಿ ಹೋದ್ಲು, ಮಿಷಿನ್ ನೆಟ್ಟಗಾತು" ಅಂತ ಕಚೇರಿಯೆಲ್ಲ ಅಂದಿತು. ನಾನು ಸರಿಪಡಿಸಿದ್ದೇ ನಿಮ್ಮ ವಿರುದ್ಧ ಸಾಕ್ಷಿಯಾಯಿತು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ—ಕೆಸರು ನಿಮ್ಮ ಕೈಗೆ ಹತ್ತಿತು, ಮೊಸರು ನನ್ನ ಬಾಯಿಗೆ ಬಂತು. ನಾನು ಕಾಯಂ ಆದೆ.

ಈಗಲೂ ಮಧ್ಯಾಹ್ನದ ಜೊಂಪಿನಲ್ಲಿ ಆ ತಣ್ಣನೆಯ ಕೋಣೆ ಕಾಣುತ್ತದೆ. ಎಳೆಗಳೆಲ್ಲ ಮನುಷ್ಯರಾಗಿ, ಕೈಮುಗಿದು ಸಾಲಾಗಿ ನಿಂತಿರುತ್ತವೆ. ಉತ್ತರ ಕೊಡಲು ಬಾಯಿ ತೆರೆಯುತ್ತೇನೆ—ಸ್ವರ ಹೊರಡುವುದಿಲ್ಲ. ಎಚ್ಚರಾದ ಮೇಲೆ ಬಹಳ ಹೊತ್ತು ನಾಚಿಕೆಯಾಗುತ್ತದೆ.

ಹೋದ ತಿಂಗಳು ಜೇವರ್ಗಿಯ ಬ್ಯಾಂಕಿನಲ್ಲಿ ನಿಮ್ಮನ್ನು ಕಂಡೆ. ನೀವು ನನ್ನನ್ನು ನೋಡಲಿಲ್ಲ. ಎಟಿಎಂ ಮುಂದೆ ಸೊಸೆಗೆ ಕಾರ್ಡು ಕೊಟ್ಟು, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಿರಿ. "ನೀವ ಒತ್ರಿ ಅತ್ತಿ" ಎಂದಳು ಅವಳು.

"ಬ್ಯಾಡವ್ವ, ನನ್ನ ಕೈ ಹತ್ತಿದ್ರ ಮಿಷಿನ್ ಕೆಡ್ತಾವ," ಅಂದಿರಿ. ನಗುತ್ತಲೇ ಅಂದಿರಿ.

ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದುಬಿಟ್ಟೆ, ಅಕ್ಕ. ಅವತ್ತೂ ಹೇಳಲಿಲ್ಲ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಈ ಕಾಗದ ಮುಟ್ಟಿದ ಮೇಲೆ ಬರುವ ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು, ನಿಮ್ಮ ಸೊಸೆಗೂ ಓಣಿಯವರಿಗೂ ಕೇಳುವಂತೆ ಹೇಳುತ್ತೇನೆ—ಶಾಂತಕ್ಕ ಏನೂ ತಪ್ಪು ಒತ್ತಿರಲಿಲ್ಲ.