ಆಯಿಯ ಕಲ್ಲು, ನನ್ನ ಬೆನ್ನು

ಮಂದಿಯನ್ನು ಅಣಕಿಸುವುದು ನನ್ನ ಹುಟ್ಟುಗುಣ. ಹಾರೂಗೇರಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿ ತೆಗೆದು ‘ಅಥಣಿ, ಅಥಣಿ’ ಎಂದು ಕೂಗಿ, ಇಬ್ಬರು ಹೆಂಗಸರನ್ನು ಕೆಟ್ಟು ನಿಂತ ಬಸ್ಸಿಗೆ ಹತ್ತಿಸಿದ ಪಾಪ ನನ್ನ ತಲೆಯ ಮೇಲಿದೆ. ಆದರೆ ನನ್ನನ್ನೂ ಮೀರಿಸುವ ಅಣಕಿನವನು ನನ್ನ ಅಂಗಿಯೊಳಗೇ ಇದ್ದಾನೆಂದು ತಿಳಿದದ್ದು ಹೋದ ವರ್ಷ. ಅವನು ನನ್ನ ತೊಗಲು.

ಮೊಣಕೈ ಮೇಲೆ ನನಗೆ ಸೋರಿಯಾಸಿಸ್ ಮೊದಲಿನಿಂದಲೂ ಉಂಟು: ಕೆಂಪು ಕಲೆ, ಮೇಲೆ ಬೆಳ್ಳಗಿನ ಹೊಟ್ಟು. ಹಾಗಿದ್ದೂ ಗತ್ತು ಬಿಡಲಾರದೆ ಅರ್ಧ ತೋಳಿನ ಅಂಗಿ ಹಾಕಿಕೊಂಡು ಕಬ್ಬಿನ ರವದಿ ಸುಲಿಯಲು ಹೋದೆ. ಆ ಒಣಗರಿ ಕೈತುಂಬ ಗೀರಿತು. ಗೀರು ಮಾಯ್ದವು. ಎರಡು ವಾರಕ್ಕೆ ಅದೇ ಗೀರುಗಳ ಮೇಲೆ, ಪಟ್ಟಿ ಹಿಡಿದು ಗೆರೆ ಎಳೆದಂತೆ, ಗೀರನ್ನೇ ಅಣಕಿಸುತ್ತ, ಸೋರಿಯಾಸಿಸ್ ಎದ್ದಿತು.

ಚಿಕ್ಕೋಡಿಯ ಚರ್ಮದ ಡಾಕ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡಿದರು. “ಈ ರೋಗ ಇದ್ದವರಲ್ಲಿ ಕೆಲವರಿಗೆ ಹಿಂಗ ಆಗತೈತಿ ತಮ್ಮಾ. ಗೀರಲಿ, ಸುಡಲಿ, ಜೋರ ತಿಕ್ಕಲಿ, ತೊಗಲಿಗೆ ಪೆಟ್ಟ ಬಿದ್ದಲ್ಲೇ ಏಳತೈತಿ. ಒಬ್ಬರಿಂದ ಒಬ್ಬರಿಗೆ ಮಾತ್ರ ಹತ್ತೂದಿಲ್ಲ.” ಹಿಂದೆ ಜರ್ಮನಿಯ ವೈದ್ಯರೊಬ್ಬರು ಇದನ್ನು ಗುರುತಿಸಿದರಂತೆ, ಅವರ ರೋಗಿಗೆ ಕುದುರೆ ಕಚ್ಚಿದ ಜಾಗದಲ್ಲೂ ಎದ್ದಿತ್ತಂತೆ. ಕುದುರೆ ಕಚ್ಚಿಸಿಕೊಂಡವನ ರೋಗಕ್ಕೂ ಒಂದು ತೂಕವಿದೆ. ನನ್ನದು ಬರೀ ರವದಿ.

ಅಷ್ಟರಲ್ಲಿ ಡಾಕ್ಟರು ಅಂಗಿ ಎತ್ತಿದರು. “ಬೆನ್ನಿಗೆ ಏನ್ ಮಾಡ್ಕೊಂಡೀಪಾ?”

ಬೆನ್ನಿಗೆ ಮಾಡಿದವಳು ನಮ್ಮ ಆಯಿ, ಅಪ್ಪನ ಅವ್ವ. ಮೀಸೆ ಬಂದ ಮೊಮ್ಮಗನನ್ನು ಈಗಲೂ ರವಿವಾರ ಬಚ್ಚಲಲ್ಲಿ ಕೂಡಿಸಿ, ಕೃಷ್ಣಾ ಹೊಳೆಯ ಒರಟು ಕಲ್ಲಿನಿಂದ ಬೆನ್ನು ತಿಕ್ಕುವಾಕೆ. ಕಲೆ ಕಂಡರೆ ಮಣ್ಣು ಅನ್ನುವಳು, ಇನ್ನಷ್ಟು ತಿಕ್ಕುವಳು. ತಿಕ್ಕಿದಷ್ಟೂ ಎದ್ದಿತು, ಎದ್ದಷ್ಟೂ ತಿಕ್ಕಿದಳು. ಅಕ್ಕರೆ ಜಾಸ್ತಿ, ಕಲ್ಲೂ ಜಾಸ್ತಿ.

ಕಲ್ಲು ಬಿಡಬೇಕು ಎಂದರು ಡಾಕ್ಟರು. ಇದನ್ನು ಆಕೆಗೆ ಹೇಳುವುದು ಹೇಗೆ? ಮೊಣಕಾಲು ಸೋತ ಮೇಲೆ ಹೊಲ ಹೋಯಿತು, ಹಾಲು ಹಿಂಡುವುದು ಹೋಯಿತು, ಒಲೆ ನನ್ನ ಅವ್ವನ ಪಾಲಾಯಿತು. ಆಕೆಯ ಕೈಯಲ್ಲಿ ಉಳಿದದ್ದು ನನ್ನ ಬೆನ್ನೊಂದೇ. ಅದಕ್ಕೇ ಮೂರು ರವಿವಾರ ನೆಗಡಿ, ಕೆಲಸ, ಗೆಳೆಯನ ಮದುವೆ ಎಂದು ಸುಳ್ಳು ಹೇಳಿ ಓಡಿದೆ. ಮೂರನೆಯ ರವಿವಾರ ಆಕೆ ಅವ್ವನಿಗೆ ಹೇಳುವುದು ಕೇಳಿಸಿತು: “ನನ್ನ ಕೈ ಅವಗ ಹೇಸಿಗಿ ಬರಾಕತ್ತೈತಿ ಕಾಣತೈತಿ.”

ಇನ್ನು ತಡೆಯಲಾಗಲಿಲ್ಲ. ಎದುರು ಕುಳಿತು, ಡಾಕ್ಟರರ ದನಿಯಲ್ಲಿ, “ಅಜ್ಜೀ, ಇನ್ನಮ್ಯಾಲೆ ಕಲ್ಲ ಬಂದ್” ಎಂದೆ.

“ಏ ಮಂಗ್ಯಾ, ಇದ್ಯಾರನ್ನ ಅಣಕಸಾಕತ್ತೀಲೇ?” ಆಯಿ ನಕ್ಕಳು.

ಊರಿನವರೆಲ್ಲರ ದನಿ ನನಗೆ ಸಲೀಸು. ನನ್ನದೇ ದನಿಯಲ್ಲಿ ಹೇಳುವುದು ಮಾತ್ರ ಬರಲಿಲ್ಲ. ಮೊದಲು ಗೀರಿದಲ್ಲೇ ಎದ್ದ ಕೈಯ ಕಲೆ ತೋರಿಸಿದೆ, ಆಮೇಲೆ ಕಲ್ಲು ತಿಕ್ಕಿದ ಬೆನ್ನು. ಆಯಿ ಕಲೆಗಳ ಮೇಲೆ ಬೆರಳಾಡಿಸಿ ನೋಡಿದಳು.

“ಅಂದರ ಇದು ನಾ ಮಾಡಿದ್ದೇನೋ?”

“ರೋಗ ನೀ ಮಾಡಿಲ್ಲಬೇ, ಅದು ಮೊದಲ ಇತ್ತು. ತಿಕ್ಕಿದಲ್ಲಿ ಏಳತೈತಿ, ಅಷ್ಟ.”

“ಅಷ್ಟ ಹೇಳಾಕ ಮೂರ ವಾರ ಬೇಕಾತೇನ? ನಾ ಏನೇನೋ ಅನಕೊಂಡ್ನೆಲ್ಲೋ!” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದಿನ ರವಿವಾರ ಆಕೆಯೇ ಕರೆದಳು. ಕೈಯಲ್ಲಿ ಕಲ್ಲಿಲ್ಲ, ಡಾಕ್ಟರು ಕೊಟ್ಟ ಮುಲಾಮು. ಎಷ್ಟು ಹಗುರ ಸವರಿದಳೆಂದರೆ ನನಗೆ ಕಚಗುಳಿಯಾಗಿ ಕುಣಿದೆ. “ಸುಮ್ಮ ಕೂಡ್ರಲೇ!” ಎಂದು ತಲೆಗೊಂದು ಏಟು ಕೊಟ್ಟಳು. ಕೊಟ್ಟವಳೇ ಗಾಬರಿಯಾಗಿ ಕೂದಲು ಸರಿಸಿ ನೋಡಿದಳು: “ಯಪ್ಪಾ ಶಿವನ, ಇಲ್ಲೂ ಏಳತೈತೇನೋ?”

“ಎರಡ ವಾರ ನೋಡಬೇಕ” ಎಂದುಬಿಟ್ಟೆ.

ಅಂದಿನಿಂದ ದಿನಾ ಬೆಳಿಗ್ಗೆ ಚಹಾ ಆದ ಕೂಡಲೇ ಹತ್ತಿರ ಕೂಡಿಸಿಕೊಂಡು, ಹತ್ತೂ ಬೆರಳಿನಿಂದ ಕೂದಲು ಬಿಡಿಸಿ ಹುಡುಕುತ್ತಾಳೆ. ಅಂಥ ಏಟಿಗೆಲ್ಲ ಏನೂ ಏಳುವುದಿಲ್ಲ ಎಂದು ಹೇಳಬೇಕು, ನಿಜ. ಆದರೆ ಎರಡು ವಾರ ಮುಗಿದು ತಿಂಗಳಾದರೂ ನಾನು ಬಾಯಿಬಿಟ್ಟಿಲ್ಲ.